ಒಳಗಿನವರಿಗೆ ಕೊಡದ ಮಾತು

ಮಗ್ಗ ನಿಂತ ಮನೆಯಲ್ಲಿ ಬಸಿಯ ಮೇಲೆ ಕಪ್ಪು ಇಟ್ಟ ಸದ್ದೂ ಬೈಗುಳದಂತೆ ಕೇಳಿಸುತ್ತದೆ. ಮಾವ ಬುಡ್ಡೇಸಾಬ ಚಹಾ ಕುಡಿದು ಕಪ್ಪನ್ನು ಕೆಳಗಿಟ್ಟಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಕೌಸರಳಿಗೆ ಹಾಗನ್ನಿಸಿತು. ಗಂಡ ಮೊಹಸಿನ ಡೆಂಗಿ ಜ್ವರದಲ್ಲಿ ತೀರಿಕೊಂಡ ಮೇಲೆ ವಿಧವೆ ಹೊರಗೆ ಬಾರದ ಇದ್ದತ್ತಿನ ತಿಂಗಳುಗಳನ್ನೆಲ್ಲ ಅವಳು ಒಳಕೋಣೆಯ ಪರದೆಯ ಹಿಂದೆ ಕಳೆದಿದ್ದಳು. ನಿನ್ನೆ ಅದು ಮುಗಿದಿತ್ತು. ಇಂದಿನಿಂದ ಮನೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಆದರೆ ಎಲ್ಲಿ ನಿಲ್ಲಬೇಕೆಂಬುದೇ ಮರೆತುಹೋದಂತಿತ್ತು. ಪಡಸಾಲೆಯ ಗೋಡೆಗೆ ಒಂದು ರೆಕ್ಸಿನ್ ಚೀಲ ಆನಿಸಿಟ್ಟಿದ್ದರು. ಅದರ ಹೊಟ್ಟೆ ಉಬ್ಬಿತ್ತು, ಬಾಯಿಯ ಜಿಪ್ಪು ಪೂರ್ತಿ ಮುಚ್ಚಿರಲಿಲ್ಲ, ಸಂದಿಯಿಂದ ಮೈದುನ ನವಾಜನ ಹಸಿರು ಟವೆಲ್ಲು ಇಣುಕುತ್ತಿತ್ತು. ಇಂದು ಮಧ್ಯಾಹ್ನ ಇಳಿದ ಮೇಲೆ ಅವನು ಮುಂಡರಗಿ ಬಸ್ಸು ಹತ್ತುವವನಿದ್ದ, ಅಲ್ಲಿ ರಹಮಾನಸಾಬನ ಟೈರು ಅಂಗಡಿಯಲ್ಲಿ ಕೆಲಸಕ್ಕೆ. ಅಣ್ಣ ಕಟ್ಟಿ ನಿಲ್ಲಿಸಿದ ವಿದ್ಯುತ್ ಮಗ್ಗವನ್ನು ತಮ್ಮ ಮುಟ್ಟಿ ಕೆಡಿಸಿದ ಎಂದು ಬೆಟಗೇರಿಯ ಇಡೀ ಓಣಿಗೆ ಗೊತ್ತು. ಹಾಗಲ್ಲ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬ ನವಾಜ. ಅವನು ಬಾಯಿ ಬಿಟ್ಟಿರಲಿಲ್ಲ. ಇನ್ನೊಬ್ಬಳು ಈ ಹೊಸ್ತಿಲ ಮೇಲೆ ನಿಂತಿದ್ದಳು.

“ಹುಡುಗನ ಮ್ಯಾಲೆ ಎಷ್ಟ ದಿನಾ ಸಿಟ್ಟ ಹಿಡೀತೀರಿ?” ಅತ್ತೆ ಅಮೀನಬಿ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಸಿಟ್ಟಲ್ಲ. ಅಣ್ಣ ಕಟ್ಟಿದ್ದನ್ನ ಕಾಯಾಕ ಆಗಲಿಲ್ಲ ಇಂವಗ. ಹೋಗಿ ಟೈರಿಗೆ ಗಾಳಿ ತುಂಬಲಿ. ಗಾಳಿ ಕೆಡಸಾಕಂತೂ ಬರೂದಿಲ್ಲ.”

ನವಾಜ ಬಚ್ಚಲ ಕಡೆಯಿಂದ ಮುಖ ಒರೆಸಿಕೊಳ್ಳುತ್ತ ಬರುತ್ತಿದ್ದವನು ಮಾತು ಕೇಳಿ ಅಲ್ಲೇ ನಿಂತು, ಒರೆಸಿದ ಮುಖವನ್ನೇ ಮತ್ತೆ ಒರೆಸಿದ. ಕೌಸರ ನಿಜ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆದಾಗ ಹೊರಗೆ ಬಂದದ್ದು ಬೇರೆಯೇ ಮಾತು. “ಮಾವಾರ, ನಾ ಇವತ್ತ ಮಗ್ಗದ ಮನಿಗೆ ಹೋಗಿ ನೋಡಲೇನ್ರಿ?”

ಬುಡ್ಡೇಸಾಬ ಅವಳನ್ನು ನೋಡಿದ. ಮಗ ಸತ್ತ ಮೇಲೆ ಅವನು ಸೊಸೆಯ ಮುಖವನ್ನು ನೇರ ನೋಡಿದ್ದು ಅದೇ ಮೊದಲಿರಬೇಕು. “ನೋಡವ್ವಾ,” ಎಂದ, ದನಿ ಇಳಿಸಿ. “ಅವನ ಜೋಡಿ ಕುಂಡರತಿದ್ದಿ. ನಿನಗ ಏನರ ತಿಳೀಬಹುದು.”

ಮಗ್ಗ ನಡೆದುಬಿಟ್ಟರೆ ಸಾಕು ಎಂದುಕೊಂಡಳು ಅಂಗಳ ದಾಟುವಾಗ. ಮಗ್ಗ ನಡೆದರೆ ಕೆಟ್ಟಿತ್ತು ಎಂಬ ಮಾತೇ ಉಳಿಯುವುದಿಲ್ಲ. ಕೆಟ್ಟದ್ದೇ ಇಲ್ಲವೆಂದ ಮೇಲೆ ಕೆಡಿಸಿದವರು ಯಾರು? ನವಾಜ ಚೀಲದ ಜಿಪ್ಪು ಬಿಚ್ಚಿ ಟವೆಲ್ಲನ್ನು ಮತ್ತೆ ಗೂಟಕ್ಕೆ ಹಾಕುತ್ತಾನೆ. ಯಾರೂ ಯಾರಿಗೂ ಏನೂ ಹೇಳಬೇಕಾಗುವುದಿಲ್ಲ. ಅಂಗಳದ ಬಿಸಿಲು ಅಂಗಾಲಿಗೆ ಹೊಸದಾಗಿತ್ತು. ಬೇವಿನ ಗಿಡದ ಕೆಳಗೆ ರಾಟಿ ಇಟ್ಟುಕೊಂಡು ಪಕ್ಕದ ಮನೆಯ ಅಮೃತವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಈ ಮನೆಯ ಮಗ್ಗ ನಿಂತ ಮೇಲೆ ಅವಳು ಸುತ್ತುವುದೆಲ್ಲ ಬೇರೆಯವರ ನೂಲು, ಆದರೂ ಕೂರುವ ಜಾಗ ಬದಲಿಸಿರಲಿಲ್ಲ. “ಹೊರಗ ಬಂದಿಯೇನು ನನ್ನವ್ವಾ,” ಎಂದು ಅವಳು ಕೌಸರಳ ಮುಂಗೈ ಹಿಡಿದಳು. ಬಳೆಯಿಲ್ಲದ ಕೈಯ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿ ಬಿಟ್ಟಳು. ಆಮೇಲೆ, ಅಳು ಬರಬಾರದೆಂದೋ ಏನೋ, ಹಿಂದೆ ಬರುತ್ತಿದ್ದ ನವಾಜನ ಕಡೆ ತಿರುಗಿ, “ಏನಪಾ ಧೀರಾ, ಮುಂಡರಗಿ ಮಂದಿಗೆ ಖಬರ ಕೊಟ್ಟೀಯಿಲ್ಲೋ? ನೀ ಮುಟ್ಟೂದ್ರಾಗ ತಮ್ಮ ತಮ್ಮ ಸೈಕಲ್ಲು ಒಳಗ ಕಟ್ಟಿಕೋಬೇಕಲಾ!” ಎಂದಳು. ನವಾಜ ನಕ್ಕ. ನಗುವಾಗ ಅವನ ಕೆಳದುಟಿ ಅಣ್ಣನದರಂತೆಯೇ ಒಂದು ಬದಿಗೆ ಹೋಗುತ್ತಿತ್ತು. ಕೌಸರ ಸೆರಗನ್ನು ಮುಂದೆಳೆದುಕೊಂಡಳು.

ಮಗ್ಗದ ಮನೆಯ ಕದ ತೆರೆದಾಗ ಎಣ್ಣೆ, ನೂಲಿನ ಗಂಜಿ ಮತ್ತು ಮುಚ್ಚಿಟ್ಟ ಗಾಳಿಯ ವಾಸನೆ ಬಂತು. ಅರ್ಧ ನೇಯ್ದ ಸೆರಗು ಮಗ್ಗದ ಮೇಲೆ ಹಾಗೇ ಇತ್ತು, ಒಂದು ನವಿಲಿಗೆ ಕಾಲಿತ್ತು, ಮೈಯಿತ್ತು, ಕೊರಳಿರಲಿಲ್ಲ. ಈ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದವಳು ಅವಳೇ. ಹಿಂದೆಲ್ಲ ರಟ್ಟಿನಲ್ಲಿ ತೂತು ಕೊರೆದು ಸರಪಣಿ ಮಾಡಿ ಮಗ್ಗದ ತಲೆಯ ಮೇಲೆ ತಿರುಗಿಸುತ್ತಿದ್ದರಂತೆ. ಈಗ ಆ ಜಾಗದಲ್ಲಿ ಒಂದು ಪೆಟ್ಟಿಗೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಕಂಪ್ಯೂಟರು ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಕೊಕ್ಕೆಗಳಿಗೆ ಹೇಳುತ್ತದೆ. ಆದರೆ ಕಂಪ್ಯೂಟರಿಗೂ ಪೆಟ್ಟಿಗೆಗೂ ನಡುವೆ ಮಾತು ದಾಟಿಸಲು ಒಬ್ಬ ದುಭಾಷಿ ಬೇಕು. ಯಂತ್ರದ ಒಳಮನೆಯೊಳಗೆ, ಕರ್ನಲ್ ಎನ್ನುವ ತೀರ ಒಳಗಿನ ಕೋಣೆಯಲ್ಲಿ, ಜಾಗ ಹಿಡಿದು ಕೂರುವ ಒಂದು ತುಂಡು ಪ್ರೋಗ್ರಾಮು. ಮಾಡ್ಯೂಲ್ ಎನ್ನುತ್ತಿದ್ದ ಮೊಹಸಿನ. ಪೆಟ್ಟಿಗೆ ಮಾರಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಹಾಕುವ ಮುಂಚೆ ಅಲ್ಲಿದ್ದ ಯಾರನ್ನೋ ಕಾಡಿ ಬೇಡಿ ಆ ಪ್ರೋಗ್ರಾಮಿನ ಮೂಲವನ್ನು, ಅದನ್ನು ಬರೆದ ಸಾಲುಗಳನ್ನು, ಅವನು ತಂದಿದ್ದ. ಅಂದಿನಿಂದ ಕರ್ನಲ್ಲಿನ ಹೊಸ ಆವೃತ್ತಿ ಬಂದಾಗಲೆಲ್ಲ ಅವನು ಅದನ್ನು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ ಒಳಗೆ ಕೂರಿಸಬೇಕಾಗುತ್ತಿತ್ತು. ಯಾಕೆ ಪ್ರತಿ ಸಲವೂ, ಒಮ್ಮೆ ಮಾಡಿದ್ದು ಸಾಲದೇ ಎಂದು ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು. ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿ, “ಹೊರಗಿನವರಿಗೆ ಕೊಟ್ಟ ಮಾತು ಈ ಕರ್ನಲ್ಲು ಎಂದೂ ಮುರಿಯೂದಿಲ್ಲ ನೋಡ. ನಿನ್ನ ಚಿತ್ತಾರದ ಪ್ರೋಗ್ರಾಮು ಹೊರಗಿಂದು, ಹಳೇದಾದ್ರೂ ನಡೀತದ. ಒಳಗ ಬಂದು ಕುಂತವರಿಗೆ ಮಾತ್ರ ಇದು ಮಾತ ಕೊಟ್ಟಿರೂದ ಇಲ್ಲ. ಇವತ್ತ ಇದ್ದ ಬಾಗಲಾ ನಾಳೆ ಇರೂದಿಲ್ಲ. ಮನ್ಯಾಗಿನವರು ತಾವ ಹುಡಿಕೋಬೇಕು,” ಎಂದಿದ್ದ. ಅವಳಿಗೆ ಶಿರಹಟ್ಟಿಯ ಅಜ್ಜಿಯ ಕಥೆಯೊಂದು ನೆನಪಾಗಿತ್ತು. ಒಂದು ಅರಮನೆ. ಅತಿಥಿಗಳು ಬರುವ ಬಾಗಿಲು ಮುತ್ತಿನ ತೋರಣ ಕಟ್ಟಿಕೊಂಡು ನೂರು ವರ್ಷ ಒಂದೇ ಕಡೆ ನಿಂತಿರುತ್ತದೆ. ಒಳಗಿನ ಬಾಗಿಲುಗಳು ಮಾತ್ರ ಹುಣ್ಣಿಮೆಗೊಮ್ಮೆ ಜಾಗ ಬದಲಿಸುತ್ತವೆ. ಸೊಸೆಯಾಗಿ ಬಂದ ಹುಡುಗಿ ಗೋಡೆ ತಡಕುತ್ತ ತಡಕುತ್ತ ಮುದುಕಿಯಾಗುತ್ತಾಳೆ. ಮೊಹಸಿನ ಕಥೆ ಕೇಳಿ, “ನಮ್ಮವ್ವಗ ಹೇಳಬ್ಯಾಡ, ತನ್ನ ಬಗ್ಗೆ ಅಂದೀ ಅಂತಾಳು,” ಎಂದು ನಕ್ಕಿದ್ದ. ಕೆಳದುಟಿ ಒಂದು ಬದಿಗೆ.

ಕಂಪ್ಯೂಟರು ಹಚ್ಚಿದಾಗ ಅದರ ಪರದೆ ಬೆಳಗಿತು. ಅವಳು ಮಾಡ್ಯೂಲನ್ನು ಒಳಗೆ ಕೂರಿಸುವ ಆಜ್ಞೆ ಕೊಟ್ಟಳು. ಒಂದೇ ಸಾಲಿನ ಉತ್ತರ ಬಂತು: ಆಗುವುದಿಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಯಾವ ಆವೃತ್ತಿಗೆಂದು ಕಟ್ಟಿದ್ದೋ ಅದರ ಮುದ್ರೆ ಮಾಡ್ಯೂಲಿನ ಮೈಮೇಲೆ ಇರುತ್ತದೆ. ಮುದ್ರೆ ಹಳೆಯದೆಂದರೆ ಕರ್ನಲ್ಲು ಒಳಗೆ ಏನಿದೆ ಎಂದು ಕೂಡ ನೋಡದೆ ಬಾಗಿಲಿನಿಂದಲೇ ಕಳಿಸಿಬಿಡುತ್ತದೆ. ಮೊಹಸಿನ ಕಟ್ಟಿದ್ದು ಹಳೆಯ ಕರ್ನಲ್ಲಿಗೆ. ಆ ಕರ್ನಲ್ ಈಗ ಈ ಯಂತ್ರದಲ್ಲಿ ಇಲ್ಲ. “ಹಳೇದು ಒಂದು ಬಾಜೂಕ ಇಟ್ಟಿರತಿದ್ದ ಅಣ್ಣ,” ನವಾಜ ಬಾಗಿಲ ಚೌಕಟ್ಟಿಗೆ ಒರಗಿ ಅಂದ, ಒಳಗೆ ಬರದೆ. “ಹೊಸಾದು ಹೊಂದಲಿಲ್ಲಂದ್ರ ಹಳೇದರೊಳಗ ಚಾಲೂ ಮಾಡತಿದ್ದ. ಅದೂ ಹೋತು.”

“ಹೂಂ,” ಎಂದಳು ಕೌಸರ. ಅಂದ ಕೂಡಲೇ ಆ ಸದ್ದು ಕೋಣೆಯಲ್ಲಿ ನಿಂತುಬಿಟ್ಟಿತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

ಅಂದೂ ಹೀಗೇ ಮಧ್ಯಾಹ್ನದ ಮುಂಚೆ. ಪರದೆಯ ಆಚೆ ನವಾಜನ ಪಾದಗಳು ಮಾತ್ರ ಕಾಣುತ್ತಿದ್ದವು. “ಭಾಬಿ, ಮಷೀನ ಏನೋ ಕೇಳಾಕತ್ತೈತಿ. ಹೊಸಾದು ಬಂದೈತಿ, ಹಾಕಲೇನು ಅಂತ. ಏನ ಒತ್ತಲಿ?” ಆ ದಿನಗಳಲ್ಲಿ ಹೊರಗೆ ಮಗ್ಗ ನಡೆಯುತ್ತಲೇ ಇತ್ತು. ಮೊಹಸಿನನನ್ನು ಮಣ್ಣು ಮಾಡಿ ಇನ್ನೂ ಎಷ್ಟೂ ದಿನವಾಗಿರಲಿಲ್ಲ. ನೇಯದೆ ಹೊಟ್ಟೆ ನಡೆಯುವುದಿಲ್ಲ, ನವಾಜ ಕೂತಿದ್ದ, ಮಗ್ಗ ಬಡಿಯುತ್ತಿತ್ತು, ಅದೇ ತಾಳ, ಅದೇ ಬಿಗಿ. ಗೋಡೆಯಾಚೆ ಮೊಹಸಿನನೇ ಕೂತಿದ್ದಾನೆ ಎಂದು ನಿದ್ದೆಯ ಅಂಚಿನಲ್ಲಿ ಮನಸ್ಸು ನಂಬುವುದು, ಎಚ್ಚರಾದಾಗ ಎದುರಿಗೆ ಪರದೆ ಕಾಣುವುದು. ದಿನಕ್ಕೆ ಎಷ್ಟು ಸಲವೋ. ಅವನಿಲ್ಲದೆಯೂ ಅದು ನಡೆಯುತ್ತದಲ್ಲ ಎಂದು ಅವಳಿಗೆ ಮಗ್ಗದ ಮೇಲೆ ಸಿಟ್ಟು, ಸವತಿಯ ಮೇಲೆ ಬರುವಂಥ ಸಿಟ್ಟು. ಆ ಪ್ರಶ್ನೆ ಬಂದಾಗ ಮೊಹಸಿನ ಯಾವಾಗಲೂ ಬೇಡ ಎನ್ನುತ್ತಿದ್ದ. ಮೊದಲು ಎಲ್ಲ ತಿದ್ದಿ ತಯಾರು ಮಾಡಿಕೊಂಡು, ಆಮೇಲೆ ತಾನಾಗಿ ಹೌದು ಎನ್ನುತ್ತಿದ್ದ. ಅವಳಿಗೆ ಗೊತ್ತಿತ್ತು. ನವಾಜನಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಲು ಬಂದಿದ್ದ. “ಹೂಂ ಅನ್ನು,” ಎಂದಿದ್ದಳು. ಪಾದಗಳು ಹೋದವು. ದುಃಖದಲ್ಲಿ ಬಾಯಿಗೆ ಬಂದದ್ದು ಎಂದು ಅಷ್ಟನ್ನು ಮಾತ್ರ ಕ್ಷಮಿಸಿಕೊಳ್ಳಬಹುದಿತ್ತು. ಆದರೆ ಸ್ವಲ್ಪ ಹೊತ್ತಿಗೆ ಪಾದಗಳು ಮತ್ತೆ ಬಂದವು. “ಭಾಬಿ, ಹಳೇದು ಬೇಕಾಗಿಲ್ಲ, ತಗದಬಿಡಲೇನು ಅನ್ನಾಕತ್ತೈತಿ.” ಆಗ ಅವಳಿಗೆ ಯೋಚಿಸಲು ಸಮಯವಿತ್ತು. ಮೂಲೆಯಲ್ಲಿ ಕೂತು ಅವಳು ಯೋಚಿಸಿದಳು ಕೂಡ. ಗೋಡೆಯ ಸುಣ್ಣದ ಮೇಲೆ ಒಂದು ಇರುವೆ ಹೋಗುತ್ತಿದ್ದುದನ್ನು ನೋಡಿದಳು. ಅದು ಮೂಲೆ ಮುಟ್ಟುವವರೆಗೆ ಕಾದಳು. ನವಾಜನೂ ಕಾದ. ಆಮೇಲೆ ಸ್ಪಷ್ಟವಾಗಿ, ಸಮಾಧಾನದ ದನಿಯಲ್ಲಿ ಎಂದಳು, “ಹೂಂ.” ಯಂತ್ರ ಆರಿ ಮತ್ತೆ ಹತ್ತಿದ ಮೇಲೆ ಮಗ್ಗ ಮಾತಾಡಲಿಲ್ಲ. ಆ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಮರುದಿನ ಅಂಗಳದಲ್ಲಿ ಬುಡ್ಡೇಸಾಬ ಕೂಗಾಡುವುದು ಕೇಳಿಸಿತು, “ಯಾರನ್ನ ಕೇಳಿ ಒತ್ತಿದ್ಯೋ?” ನವಾಜನ ಉತ್ತರಕ್ಕಾಗಿ ಅವಳು ಪರದೆಗೆ ಕಿವಿಯಿಟ್ಟಳು. “ಯಾರನ್ನೂ ಕೇಳಲಿಲ್ಲ ಅಪ್ಪಾ. ನಾನ ಒತ್ತಿದೆ.” ಕೆನ್ನೆಗೆ ಏಟು ಬಿದ್ದ ಸದ್ದು. ಇದ್ದತ್ತಿನಲ್ಲಿ ಕೂತವಳ ಹೆಸರು ಅಂಗಳಕ್ಕೆ ತರಬಾರದೆಂದು ಆ ಹುಡುಗ ನುಂಗಿಕೊಂಡದ್ದು. ಅವಳು ಪರದೆ ಸರಿಸಲಿಲ್ಲ. ಪರದೆ ಸರಿಸಬಾರದ ದಿನಗಳು ಅವು ಎಂದು ತನಗೆ ತಾನೇ ಹೇಳಿಕೊಂಡಳು, ಮತ್ತು ಆ ದಿನಗಳು ಮುಗಿಯದಿರಲಿ ಎಂದು ಒಳಗೊಳಗೇ ಬೇಡಿಕೊಂಡಳು.

ಅವಳು ಮೂಲವನ್ನು ಹೊಸ ಕರ್ನಲ್ಲಿಗೆಂದು ಮತ್ತೆ ಕಟ್ಟಲು ಕೊಟ್ಟಳು. ಸಾಲುಗಳು ಓಡಿ ಒಂದು ಕಡೆ ನಿಂತವು. ಹಿಂದೆಲ್ಲ ಪರದೆಯ ಮೇಲೆ ಬಂದ ತಪ್ಪನ್ನು ಅವಳು ಜೋರಾಗಿ ಓದುವುದು, ಮೊಹಸಿನ ಕಣ್ಣು ಮುಚ್ಚಿ ಕೇಳಿ ತಿದ್ದುವುದು. ಅದು ಅವರಿಬ್ಬರ ಪದ್ಧತಿ. ಓದುವಾಗ ನಿನ್ನ ದನಿ ಚೆನ್ನಾಗಿರುತ್ತದೆ, ಅದಕ್ಕೇ ಬೇಕೆಂದು ತಪ್ಪು ಮಾಡುತ್ತೇನೆ ಎನ್ನುತ್ತಿದ್ದ. ಈಗಲೂ ಅವಳು ಜೋರಾಗಿ ಓದಿದಳು. ಓದಿ, ಕಾದಳು. ಎಷ್ಟು ಹೊತ್ತು ಕಾದಳೋ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ತಾನು ಕೂತಿದ್ದೇನೆ, ಕುರ್ಚಿ ಖಾಲಿ ಇದೆ ಎಂದು ಆಗ ಗಮನಕ್ಕೆ ಬಂತು.

“ಏನ ಅಂತೈತಿ ಭಾಬಿ?” ಬಾಗಿಲಿನಿಂದ ನವಾಜ.

“ಹೇಳಬೇಕಾದ್ದಕ್ಕಿಂತ ಜಾಸ್ತಿ ಹೇಳಾಕತ್ತೀರಿ ಅಂತೈತಿ.”

“ಮಷೀನೂ ಅಪ್ಪನ ಹಂಗ ಆತಲಾ,” ಎಂದ ನವಾಜ. ಅವಳಿಗೆ ನಗು ಬಂತು, ಮೊಹಸಿನ ಹೋದ ಮೇಲೆ ಮೊದಲ ನಗು, ಮತ್ತು ಬಂದ ಕೂಡಲೇ ಕಳ್ಳತನ ಮಾಡಿದಂತೆ ಬಾಯಿ ಮುಚ್ಚಿಕೊಂಡಳು.

ಅವಳು ಎದ್ದು ಕುರ್ಚಿಯ ಮೇಲೆ ಕೂತಳು. ಹೊಸ ಆವೃತ್ತಿಯ ಜೊತೆಗೇ ಬಂದ ಕಡತಗಳಲ್ಲಿ ತಪ್ಪು ತೋರಿಸಿದ ಆ ಒಂದು ಸಾಲಿನ ಹೊಸ ರೂಪವನ್ನು ಹುಡುಕಿದಳು. ಅಮೀನಬಿ ತಂದಿಟ್ಟ ರೊಟ್ಟಿ ಆರಿತು. ಅಮೃತವ್ವನ ರಾಟಿ ನಿಂತು, ಊಟವಾಗಿ, ಮತ್ತೆ ತಿರುಗತೊಡಗಿತು. ಕೊನೆಗೆ ಸಿಕ್ಕಿತು, ಮತ್ತು ಸಿಕ್ಕಿದ್ದು ಎಷ್ಟು ಚಿಕ್ಕದೆಂದರೆ ಅವಳಿಗೆ ಅವಮಾನವಾಯಿತು. ಒಳಮನೆಯಲ್ಲಿ ಜಾಗ ಕೇಳುವಾಗ ಮೊದಲೆಲ್ಲ ಎರಡು ಸಂಗತಿ ಹೇಳಬೇಕಿತ್ತು. ಮೊದಲು ತಾನು ಯಾರಿಗೆ ಸೇರಿದ್ದು ಎಂಬುದು, ಆಮೇಲೆ ತನ್ನ ಹೆಸರು. ಹೊಸ ಕರ್ನಲ್ಲು ಮೊದಲನೆಯದನ್ನು ಕೇಳುವುದನ್ನೇ ಬಿಟ್ಟಿದೆ. ಹೆಸರೊಂದೇ ಸಾಕು. ಯಾರಿಗೆ ಸೇರಿದ್ದು ಎಂದು ಕೇಳುವವರಿಲ್ಲದ ಕಡೆ ಮೊಹಸಿನನ ಮಾಡ್ಯೂಲು ಇನ್ನೂ ಅದನ್ನೇ ಮೊದಲು ಹೇಳುತ್ತ ನಿಂತಿತ್ತು. ಅವಳು ಮಾಡಬೇಕಾದ್ದು ಒಂದು ಪದ ಅಳಿಸುವುದು. ಇಷ್ಟು ತಿಂಗಳು ಮನೆ ಮೌನವಾಗಿದ್ದು, ನವಾಜನ ಕೆನ್ನೆಯ ಮೇಲೆ ಬಿದ್ದದ್ದು, ಚೀಲ ಕಟ್ಟಿದ್ದು ಎಲ್ಲ ಈ ಒಂದು ಪದಕ್ಕಾಗಿ. ಬೆರಳು ಅಳಿಸುವ ಗುಂಡಿಯ ಮೇಲೆ ಇದ್ದು ಒತ್ತಲಾರದೆ ನಿಂತಿತು. ಲಕ್ಷ್ಮೇಶ್ವರದ ತವರಿನಿಂದ ಬಂದವಳನ್ನು ಬೆಟಗೇರಿಯಲ್ಲಿ ಯಾರು ಕೇಳಿದರೂ ಅವಳು ಮೊದಲು ಹೇಳುತ್ತಿದ್ದುದು ತನ್ನ ಹೆಸರನ್ನಲ್ಲ, ಮೊಹಸಿನನ ಮನೆಯವಳು ಎಂದೇ. ಈ ಸಾಲು ಅವನು ಕೈಯಾರೆ ಬರೆದದ್ದು. ಇಲ್ಲಿ ಅಳಿಸಿದರೆ ಅವನ ಕೆಲಸ ಅಲ್ಲಿಗೆ ಮುಗಿದು ಅವಳದು ಶುರುವಾಗುತ್ತದೆ. ನಾಳೆ ಇನ್ನೊಂದು ಆವೃತ್ತಿ ಬರುತ್ತದೆ, ಇನ್ನೊಂದು ಪದ ಹೋಗುತ್ತದೆ. ಹೀಗೇ ತಿದ್ದುತ್ತ ತಿದ್ದುತ್ತ ಒಂದು ದಿನ ಅವನು ಬರೆದದ್ದು ಒಂದಕ್ಷರವೂ ಉಳಿಯದೆ ಮಗ್ಗ ಮಾತ್ರ ಚೆನ್ನಾಗಿ ನಡೆಯುತ್ತಿರುತ್ತದೆ. ಹಾಗೆ ಬಿಟ್ಟರೆ? ಬಿಟ್ಟರೆ ಮೂಲ ಹಾಗೇ ಇರುತ್ತದೆ, ಅಳಿಸದ, ನಡೆಯದ, ಅವನದೇ. ಹೊರಗೆ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಬಂತು. ಮಾವ ನಮಾಜಿಗೆ ಹೊರಟ ಚಪ್ಪಲಿಯ ಸದ್ದು. ನಮಾಜು ಮುಗಿದರೆ ಬಸ್ಸು. ಬಾಗಿಲಲ್ಲಿ ನವಾಜ ಇರಲಿಲ್ಲ, ಚೀಲ ತರಲು ಹೋಗಿರಬೇಕು. ಅವಳು ಅಳಿಸಿದಳು.

ಈ ಸಲ ಸಾಲುಗಳು ಎಲ್ಲೂ ನಿಲ್ಲಲಿಲ್ಲ. ಮಾಡ್ಯೂಲು ಒಳಗೆ ಹೋಗಿ ಕೂತಿತು. ಮಗ್ಗದ ಗುಂಡಿ ಒತ್ತಿದಾಗ ಮೇಲಿನ ಪೆಟ್ಟಿಗೆಯೊಳಗೆ ಕೊಕ್ಕೆಗಳು ಒಮ್ಮೆ ಮಳೆಯ ಮೊದಲ ಹನಿಗಳಂತೆ ಚಟಪಟ ಎಂದವು. ಹಾಸಿನ ಎಳೆಗಳು ಎದ್ದವು, ಲಾಳಿ ಓಡಿತು, ಮತ್ತು ಕೋಣೆಯೆಲ್ಲ ಆ ಬಡಿತದಿಂದ ತುಂಬಿತು. ಅದೇ ತಾಳ, ಅದೇ ಬಿಗಿ. ನವಿಲಿಗೆ ಕೊರಳು ಬರತೊಡಗಿತು. ಅಳು ಬರುತ್ತದೆ ಎಂದುಕೊಂಡಿದ್ದಳು, ಆದರೆ ಕಣ್ಣುಗಳು ಒಣಗಿಯೇ ಇದ್ದವು. ಅಂಗಳದಲ್ಲಿ ಅಮೃತವ್ವ ಏನೋ ಕೂಗಿದಳು, ಅಮೀನಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆಮೇಲೆ ಬುಡ್ಡೇಸಾಬ. ತಲೆಯ ಮೇಲೆ ಟೊಪ್ಪಿಗೆ ಹಾಗೇ ಇತ್ತು. ನಮಾಜಿನಿಂದ ಓಣಿಗೆ ತಿರುಗಿದವನು ಸದ್ದು ಕೇಳಿ ಓಡಿರಬೇಕು, ಎದೆ ಏರಿಳಿಯುತ್ತಿತ್ತು. ಅವನು ಮಗ್ಗದ ಮುಂದೆ ಬಂದು ಕಂಬ ಹಿಡಿದು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಗಳ ಸಂದಿಯಿಂದ ನೀರು ಗಡ್ಡಕ್ಕೆ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದು, ಮಗ್ಗದ ಸದ್ದಿಗಿಂತ ದನಿ ಏರಿಸಿ ಕೂಗಿದ, “ನನ್ನ ಮಗಾ ಎದ್ದು ಕುಂತಾಂಗ ಆತು ಕೌಸರಾ! ಈ ಹಡಬೆ ಕೆಡಿಸಿ ಇಟ್ಟಿದ್ದ, ನೀ ಉಳಿಸಿದಿ!”

ಹಡಬೆ ಎನಿಸಿಕೊಂಡವನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಮುಖದಲ್ಲಿ ಖುಷಿ ಇತ್ತು, ಖರೇನೇ ಖುಷಿ, ನೇಯ್ಗೆಯ ಮೇಲೆ ಬಗ್ಗಿ ನೋಡಬೇಕೆಂದು ಒಂದು ಹೆಜ್ಜೆ ಒಳಗೂ ಇಟ್ಟ. ಬುಡ್ಡೇಸಾಬ ಕೈ ಅಡ್ಡ ಹಿಡಿದ. “ನೀ ಮುಟ್ಟಬ್ಯಾಡ. ಮತ್ತ ಏನರ ಒತ್ತೀ. ನಡಿ, ಬಸ್ಸು ಬರತದ.”

“ನಡದೈತಲ್ಲರೀ ಈಗ, ಇನ್ನ ಯಾಕ ಕಳಸತೀರಿ?” ಅಮೀನಬಿ ಗಂಡನ ತೋಳು ಹಿಡಿದು ಕೂಗಿದಳು.

“ನಡದೈತಿ ಅಂತನ ಕಳಸತೀನಿ. ಇಂವ ಇಲ್ಲಿದ್ರ ಇದು ನಡಿಯೂದಿಲ್ಲ.”

ಹಾಗಾದರೆ ಸರಿ ಮಾಡಿದ್ದರಿಂದ ಏನೂ ಕರಗಲಿಲ್ಲ ಎಂದು ಕೌಸರಳಿಗೆ ತಿಳಿಯಿತು. ಕೆಟ್ಟ ಮಗ್ಗದಷ್ಟೇ ಆಗಿದ್ದ ನವಾಜನ ಮೇಲಿನ ತಪ್ಪು ಈಗ ನಡೆಯುವ ಮಗ್ಗದಷ್ಟು ದೊಡ್ಡದಾಗಿತ್ತು. “ಮಾವಾರ, ಅವತ್ತ ಹೂಂ ಅಂದಾಕಿ ನಾನ್ರಿ,” ಎಂದಳು. ಎಂದಳೆಂದೇ ಅವಳಿಗೆ ಅನ್ನಿಸಿತು, ತುಟಿ ಅಲುಗಿದ್ದೂ ಗೊತ್ತಾಯಿತು. ಆದರೆ ಲಾಳಿ ಬಡಿಯುತ್ತಿತ್ತು, ಕೂಗದ ದನಿಗೆ ಕೋಣೆಯಲ್ಲಿ ಜಾಗವಿರಲಿಲ್ಲ. ಬುಡ್ಡೇಸಾಬ ಕಿವಿಗೆ ಅಂಗೈ ಹಿಡಿದು ಅವಳ ಕಡೆ ಬಗ್ಗಿದ. ಒದ್ದೆ ಗಡ್ಡ, ನಗುವ ಕಣ್ಣು. “ಏನಂದೀ ಮಗಳ?”

ಕೂಗಿ ಹೇಳುವ ಮಾತಲ್ಲ ಅದು, ಕೇಳಿಸಬೇಕೆಂದರೆ ಮಗ್ಗ ನಿಲ್ಲಿಸಬೇಕು. ಕೆಂಪು ಗುಂಡಿ ಕೈಯಳತೆಯಲ್ಲೇ ಇತ್ತು. ಅವಳ ಕೈ ಎದ್ದು ಆ ಕಡೆ ಹೋಯಿತು. ನವಾಜ ಅದನ್ನು ನೋಡಿದ. ಅವನು ಚೀಲವನ್ನು ಹೆಗಲಿಗೆ ಏರಿಸಿ, ಅಪ್ಪನ ಬೆನ್ನ ಹಿಂದಿನಿಂದ ತಲೆ ಅಲ್ಲಾಡಿಸಿದ. ದನಿ ಕೇಳಿಸದಿದ್ದರೂ ತುಟಿಯಲ್ಲಿ ಓದಬಹುದಿತ್ತು. “ನಿಲ್ಲಸಬ್ಯಾಡ್ರಿ ಭಾಬಿ. ನಡೀಲಿ.”

ಅವಳು ಕೈ ಹಿಂದೆಗೆದಳು. ಎಷ್ಟು ಬೇಗ ಹಿಂದೆಗೆದಳು ಎಂಬುದು ಅವಳಿಗೂ ಕಂಡಿತು, ಅವನಿಗೂ ಕಂಡಿತು. ಅವನು ಹೊಸ್ತಿಲು ದಾಟಿದ. “ಏನಿಲ್ರಿ,” ಎಂದಳು ಮಾವನ ಕಿವಿಗೆ, ಈ ಸಲ ಕೇಳಿಸುವಷ್ಟು ಜೋರಾಗಿ.